ಮಗುವಿನ ಚಿಕಿತ್ಸೆಗೆ ‘ಬೇಡ’ ಎನ್ನುವ ಹಕ್ಕು: ಪಾಲಕರು ಒಡೆಯರಲ್ಲ, ದಾಸೋಹಿಗಳು



ಬೆಂಗಳೂರಿನ ದಕ್ಷಿಣ ಭಾಗ ಇಂದು ನಾಡಿನ ರೋಗಿಗಳೆಲ್ಲ ಬಂದು ಸೇರುವ ತಾಣವಾಗಿದೆ. ಡೇರಿ ವೃತ್ತದ ಆಸುಪಾಸಿನಲ್ಲಿ ನಿಮ್ಹಾನ್ಸ್, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳಿವೆ. ಅಲ್ಲಿಂದ ಬನ್ನೇರುಘಟ್ಟ ರಸ್ತೆಯತ್ತ ಸಾಗಿದರೆ ಜಯನಗರ 9ನೇ ಬ್ಲಾಕಿನಲ್ಲಿ, ಚಿತ್ರದುರ್ಗದ ಮುರುಘಾಮಠದ ಲಿಂಗೈಕ್ಯ ಜಯದೇವ ಜಗದ್ಗುರುಗಳ ಹೆಸರು ಹೊತ್ತ ಹೃದ್ರೋಗ ಸಂಸ್ಥೆಯಿದೆ. ಕಲಬುರಗಿ, ಕೊಪ್ಪಳ, ಹಾವೇರಿ, ಚಾಮರಾಜನಗರಗಳಿಂದ ಮಗುವನ್ನು ಎತ್ತಿಕೊಂಡು ಬಂದ ತಂದೆತಾಯಂದಿರು ಈ ಆಸ್ಪತ್ರೆಗಳ ಅಂಗಳದಲ್ಲಿ ದಿನ ಕಳೆಯುತ್ತಾರೆ. ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಬಂಧುಗಳಿರುವ ಅದೃಷ್ಟವಂತರು ಅವರ ಮನೆಯ ಪಡಸಾಲೆಯಲ್ಲಿ ಮಲಗಿ ಬೆಳಿಗ್ಗೆ ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ.

ಈ ಆಸ್ಪತ್ರೆಗಳಲ್ಲಷ್ಟೇ ಅಲ್ಲ, ನಾಡಿನ ಎಲ್ಲ ಆಸ್ಪತ್ರೆಗಳಲ್ಲೂ ಒಂದು ಕಾಗದವಿರುತ್ತದೆ. ‘ವೈದ್ಯರ ಸಲಹೆಗೆ ವಿರುದ್ಧವಾಗಿ ನಾವೇ ರೋಗಿಯನ್ನು ಕರೆದೊಯ್ಯುತ್ತಿದ್ದೇವೆ’ ಎಂಬ ಒಕ್ಕಣೆಯ ಕಾಗದ. ಪ್ರಾಪ್ತವಯಸ್ಕ ರೋಗಿ ತನ್ನ ಪರವಾಗಿ ತಾನೇ ಅದಕ್ಕೆ ಸಹಿ ಹಾಕಿದರೆ ಅದು ಅವನ ಆಯ್ಕೆ. ಆದರೆ ರೋಗಿ ನಾಲ್ಕು ವರ್ಷದ ಮಗುವಾದಾಗ ಸಹಿ ತಂದೆಯದು, ಪರಿಣಾಮ ಮಗುವಿನದು. ಪಾಲಕರಿಗೆ ಹೀಗೆ ‘ಬೇಡ’ ಎನ್ನುವ ಹಕ್ಕಿದೆಯೇ? ಇದ್ದರೆ ಎಲ್ಲಿಯವರೆಗೆ? ಇಂಥ ಪ್ರಶ್ನೆಯನ್ನು ಹೊತ್ತು ಭಕ್ತರು ಮಠಗಳಿಗೂ ಬರುತ್ತಾರೆ. ಹಲವೊಮ್ಮೆ ‘ಬುದ್ಧಿಯವರು ಒಂದು ಮಾತು ಹೇಳಿದರೆ ಸಾಕು’ ಎಂದು ನಿರ್ಧಾರವನ್ನೇ ಗುರುವಿನ ಮೇಲೆ ಹೊರಿಸುತ್ತಾರೆ. ಆದುದರಿಂದ ಈ ವಿಷಯವನ್ನು ಕಾನೂನು, ವೈದ್ಯವಿಜ್ಞಾನ ಮತ್ತು ಶರಣತತ್ತ್ವಗಳ ಬೆಳಕಿನಲ್ಲಿ ಬಿಚ್ಚಿ ನೋಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

‘ಬೇಡ’ ಎನ್ನುವುದರ ಹಿಂದೆ

ಮಗುವಿನ ಚಿಕಿತ್ಸೆಯನ್ನು ನಿಲ್ಲಿಸುವ ಪಾಲಕರೆಲ್ಲರೂ ಮೂಢರೆಂದೋ ಕ್ರೂರಿಗಳೆಂದೋ ತಿಳಿಯುವುದು ತಪ್ಪು. ಅದರ ಹಿಂದೆ ಬಹುಮಟ್ಟಿಗೆ ಮೂರು ಕಾರಣಗಳಿರುತ್ತವೆ: ಸಾಮರ್ಥ್ಯ ಸೋತುಹೋಗುವುದು, ಭಯದಿಂದ ಬೇರೆ ದಾರಿ ಹುಡುಕುವುದು, ಮತ್ತು ನಿಜವಾಗಿಯೂ ಚಿಕಿತ್ಸೆ ಫಲಿಸದ ಸ್ಥಿತಿಯನ್ನು ಮಗು ತಲುಪಿರುವುದು. ಈ ಮೂರಕ್ಕೂ ಒಂದೇ ಉತ್ತರವಿಲ್ಲ.

ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸುವ ರಕ್ತ ಕ್ಯಾನ್ಸರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಇದರ ಚಿಕಿತ್ಸೆ ಎರಡರಿಂದ ಮೂರು ವರ್ಷಗಳಷ್ಟು ದೀರ್ಘವಾದುದು. ಮೊದಲ ನಾಲ್ಕೈದು ವಾರಗಳ ತೀವ್ರ ಚಿಕಿತ್ಸೆಯ ಬಳಿಕ ಬಹುಪಾಲು ಮಕ್ಕಳಲ್ಲಿ ಪರೀಕ್ಷೆಗೆ ರೋಗ ಕಾಣಿಸದಾಗುತ್ತದೆ. ಜ್ವರ ಇಳಿಯುತ್ತದೆ, ಮುಖದಲ್ಲಿ ಕಳೆ ಬರುತ್ತದೆ, ಮಗು ಆಟಕ್ಕೆ ಓಡುತ್ತದೆ. ಅಪಾಯವಿರುವುದು ಇಲ್ಲಿಯೇ. ಕಣ್ಣಿಗೆ ಕಾಣದಷ್ಟು ಉಳಿದ ರೋಗಕಣಗಳನ್ನು ಅಳಿಸಲೆಂದೇ ಮುಂದಿನ ತಿಂಗಳುಗಳ ಚಿಕಿತ್ಸೆಯೂ ಆಮೇಲಿನ ವರ್ಷಗಳ ಮಾತ್ರೆಗಳೂ ಇರುತ್ತವೆ. ಆದರೆ ಹೊಲದ ಕೆಲಸ ಬಿಟ್ಟು ಬಂದ ತಂದೆಗೆ, ಊರಿನಲ್ಲಿ ಇನ್ನೆರಡು ಮಕ್ಕಳನ್ನು ಬಿಟ್ಟು ಬಂದ ತಾಯಿಗೆ ‘ಮಗು ಗುಣವಾಯಿತಲ್ಲ’ ಎನ್ನಿಸುವುದು ಸಹಜ. ಕೂದಲು ಉದುರಿ, ಬಾಯಿ ಹುಣ್ಣಾಗಿ ಅನ್ನ ಸೇರದ ಕಂದನನ್ನು ಕಂಡ ಅಜ್ಜಿ ‘ರೋಗಕ್ಕಿಂತ ಈ ಔಷಧಿಯೇ ಕೊಲ್ಲುತ್ತದೆ’ ಎಂದು ಕಣ್ಣೀರಿಡುತ್ತಾಳೆ. ಕುಟುಂಬ ಊರಿಗೆ ಮರಳುತ್ತದೆ. ಹೀಗೆ ನಡುವೆಯೇ ಬಿಟ್ಟ ಚಿಕಿತ್ಸೆಯ ಬಳಿಕ ರೋಗ ಮರುಕಳಿಸಿದರೆ ಅದನ್ನು ಗೆಲ್ಲುವುದು ಮೊದಲಿಗಿಂತ ಬಹಳ ಕಠಿಣ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸಿರಿವಂತ ದೇಶಗಳಲ್ಲಿ ಕ್ಯಾನ್ಸರ್ ತಗುಲಿದ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಅನೇಕ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಈ ಪ್ರಮಾಣ ಶೇ. 30ಕ್ಕೂ ಕಡಿಮೆ. ಈ ಅಂತರಕ್ಕೆ ಅದು ಹೆಸರಿಸುವ ಕಾರಣಗಳಲ್ಲಿ ರೋಗ ತಡವಾಗಿ ಪತ್ತೆಯಾಗುವುದರ ಜೊತೆಗೆ ಚಿಕಿತ್ಸೆಯನ್ನು ಅರ್ಧಕ್ಕೆ ಕೈಬಿಡುವುದೂ ಒಂದು. 2030ರ ವೇಳೆಗೆ ಜಗತ್ತಿನಾದ್ಯಂತ ಇಂಥ ಮಕ್ಕಳಲ್ಲಿ ಕನಿಷ್ಠ ಶೇ. 60 ಮಂದಿಯಾದರೂ ಉಳಿಯಬೇಕೆಂಬ ಗುರಿಯನ್ನು ಅದು 2018ರಲ್ಲಿ ಹಾಕಿಕೊಂಡಿತು. ಅಂದರೆ ಔಷಧಿಯಿದೆ, ವೈದ್ಯರಿದ್ದಾರೆ, ಗುಣವಾಗುವ ರೋಗವೂ ಹೌದು. ಆದರೂ ಮಗುವನ್ನು ಕಳೆದುಕೊಳ್ಳುವ ಸಂದರ್ಭಗಳು ನಮ್ಮಲ್ಲಿ ಇನ್ನೂ ಉಳಿದಿವೆ.

ಗಿಡಮೂಲಿಕೆಯೋ, ರಾಸಾಯನಿಕವೋ?

ಎರಡನೆಯ ಕಾರಣ ಭಯ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ಮರದ ತೊಗಟೆಯ ಔಷಧಿಗಾಗಿ ದೇಶದ ನಾನಾ ಕಡೆಗಳಿಂದ ಬಂದ ಕ್ಯಾನ್ಸರ್ ರೋಗಿಗಳ ಕಡೆಯವರು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ನಾಡು ಕಂಡಿದೆ. ಆ ಸಾಲಿನಲ್ಲಿ ನಿಂತವರನ್ನು ನಾವು ಹಳಿಯಲಾರೆವು. ಕೈಲಾದುದನ್ನೆಲ್ಲ ಮಾಡಬೇಕೆಂಬ ತವಕವೇ ಅವರನ್ನು ಅಲ್ಲಿಗೆ ಕರೆತಂದದ್ದು. ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ, ವೈದ್ಯರಿಗೆ ತಿಳಿಸಿ, ಮತ್ತೊಂದು ಪದ್ಧತಿಯ ಆರೈಕೆಯನ್ನು ಪಡೆಯುವುದು ಬೇರೆ. ಗುಣವಾಗಬಲ್ಲ ರೋಗದ ಚಿಕಿತ್ಸೆಯನ್ನು ಬಿಟ್ಟು ಅದರ ಬೆನ್ನುಹತ್ತುವುದು ಬೇರೆ.

‘ಗಿಡಮೂಲಿಕೆ ಸೌಮ್ಯ, ಆಸ್ಪತ್ರೆಯ ಔಷಧಿ ವಿಷ’ ಎಂಬ ಎಣಿಕೆಯೂ ಪೂರ್ಣ ಸತ್ಯವಲ್ಲ. ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಚುಚ್ಚುಮದ್ದಿನ ಮೂಲ ನಮ್ಮ ಮನೆಯಂಗಳದಲ್ಲಿ ಅರಳುವ ನಿತ್ಯಪುಷ್ಪ, ಅಂದರೆ ಕಾಶಿಕಣಗಿಲೆ. ಪೂಜೆಗೆ ಬಿಡಿಸುವ ಆ ಹೂವಿನ ಗಿಡದೊಳಗಿನ ಸತ್ತ್ವವನ್ನು ಬೇರ್ಪಡಿಸಿ, ಶುದ್ಧಗೊಳಿಸಿ, ಮಗುವಿನ ದೇಹಕ್ಕೆ ತಕ್ಕ ಅಳತೆಯಲ್ಲಿ ರಕ್ತನಾಳಕ್ಕೆ ಕೊಟ್ಟಾಗ ಅದು ಜೀವರಕ್ಷಕ. ಎಲೆಯನ್ನೇ ಅರೆದು ಕುಡಿಸಿದರೆ ಅದು ಚಿಕಿತ್ಸೆಯಲ್ಲ, ಅಪಾಯ. ಪ್ರಕೃತಿಗೂ ವಿಜ್ಞಾನಕ್ಕೂ ಜಗಳವಿಲ್ಲ. ಜಗಳವಿರುವುದು ಅಳೆದು ನೋಡಿದ್ದಕ್ಕೂ ಅಳೆಯದೆ ನಂಬಿದ್ದಕ್ಕೂ.

ಕೆಲವು ರೋಗಗಳಲ್ಲಿ ಪ್ರಯೋಗಕ್ಕೆ ಕಾಲಾವಕಾಶವೇ ಇರುವುದಿಲ್ಲ. ಮಕ್ಕಳಿಗೆ ಬರುವ ಮೊದಲನೆಯ ಬಗೆಯ ಮಧುಮೇಹದಲ್ಲಿ ದೇಹಕ್ಕೆ ಬೇಕಾದ ಇನ್ಸುಲಿನ್ ಒಳಗೆ ಉತ್ಪತ್ತಿಯಾಗುವುದಿಲ್ಲ. ಪಥ್ಯದಿಂದಲೋ ಕಷಾಯದಿಂದಲೋ ವಾಸಿಮಾಡುತ್ತೇವೆಂಬ ಮಾತನ್ನು ನಂಬಿ ಚುಚ್ಚುಮದ್ದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಕ್ಯಾನ್ಸರ್, ಮಧುಮೇಹ, ಅಪಸ್ಮಾರ ಮೊದಲಾದ ರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದನ್ನು 1954ರಷ್ಟು ಹಿಂದೆಯೇ ಕೇಂದ್ರದ ಕಾಯಿದೆಯೊಂದು ನಿಷೇಧಿಸಿದೆ. ಆದರೂ ಅಂಥ ಭರವಸೆಗಳು ಇಂದು ಮೊಬೈಲಿನ ಮೂಲಕ ನೇರವಾಗಿ ತಾಯಿಯ ಅಂಗೈಗೇ ಬಂದು ಬೀಳುತ್ತಿವೆ.

ಕಾನೂನು ಏನು ಹೇಳುತ್ತದೆ?

ಪ್ರಾಪ್ತವಯಸ್ಕನೊಬ್ಬ ತನಗೆ ಚಿಕಿತ್ಸೆ ಬೇಡವೆನ್ನಬಹುದು. ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಇದೂ ಅಡಗಿದೆಯೆಂದು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಆದರೆ ಮಗುವಿನ ವಿಷಯದಲ್ಲಿ ಪಾಲಕರಿಗಿರುವುದು ಇಂಥ ಸ್ವಂತ ಹಕ್ಕಲ್ಲ. ಮಗುವಿನ ಪರವಾಗಿ ನಿರ್ಧರಿಸುವ ಅಧಿಕಾರ ಮಾತ್ರ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮವು ಅಪ್ರಾಪ್ತರ ಕ್ಷೇಮವೇ ಪರಮವೆಂದು ಹೇಳುತ್ತದೆ. ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಆರೋಗ್ಯವನ್ನು ಮಗುವಿನದೇ ಹಕ್ಕೆಂದು ಪರಿಗಣಿಸುತ್ತದೆ. ತಿಳಿವಳಿಕೆ ಬಂದ ಮಗುವಿನ ಅಭಿಪ್ರಾಯವನ್ನೂ ಕೇಳಬೇಕೆನ್ನುತ್ತದೆ.

2015ರ ಬಾಲ ನ್ಯಾಯ ಅಧಿನಿಯಮದ 75ನೇ ಪ್ರಕರಣದ ಪ್ರಕಾರ, ತನ್ನ ಪಾಲನೆಯಲ್ಲಿರುವ ಮಗುವನ್ನು ಉದ್ದೇಶಪೂರ್ವಕವಾಗಿ ನಿರ್ಲಕ್ಷಿಸಿ ಅನಗತ್ಯ ನೋವಿಗೆ ಗುರಿಮಾಡುವುದು ಮೂರು ವರ್ಷಗಳವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡಕ್ಕೂ ಅರ್ಹವಾದ ಅಪರಾಧ. ಮಗುವಿಗೆ ರಕ್ಷಣೆ ಬೇಕೆನಿಸಿದಾಗ ಮಕ್ಕಳ ಕಲ್ಯಾಣ ಸಮಿತಿ ಮಧ್ಯೆ ಪ್ರವೇಶಿಸಬಹುದು. ಆದರೆ ಇದೇ ಪ್ರಕರಣವು ಮತ್ತೊಂದು ಮಾತನ್ನೂ ಹೇಳುತ್ತದೆ: ಹೆತ್ತವರು ಕೈಮೀರಿದ ಪರಿಸ್ಥಿತಿಯಿಂದ ಮಗುವನ್ನು ತ್ಯಜಿಸಿದ್ದರೆ ಅದನ್ನು ಉದ್ದೇಶಪೂರ್ವಕವೆಂದು ಭಾವಿಸಿ ಶಿಕ್ಷಿಸಬಾರದು. ಬಡತನವನ್ನು ಅಪರಾಧವೆನ್ನಬಾರದೆಂಬ ಈ ವಿವೇಕವನ್ನು ಗಮನಿಸಬೇಕು.

ನಮ್ಮ ರಾಜ್ಯದ್ದೇ ಇನ್ನೊಂದು ಕಾನೂನಿದೆ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ 2017ರ ಅಧಿನಿಯಮ 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ದೊರೆಯದಂತೆ ತಡೆದು ಮಂತ್ರತಂತ್ರಗಳಲ್ಲಿ ತೊಡಗಿಸುವುದು ಇದರಡಿ ಅಪರಾಧ. ಇಂಥ ಕಾನೂನು ಬರಲೆಂದು ನಿಡುಮಾಮಿಡಿಯ ಪೂಜ್ಯ ಶ್ರೀ ವೀರಭದ್ರ ಚೆನ್ನಮಲ್ಲ ಸ್ವಾಮೀಜಿಯವರೂ ಸೇರಿದಂತೆ ಹಲವು ಮಠಾಧೀಶರು ದನಿಯೆತ್ತಿದ್ದರೆಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಕಾನೂನಿನ ಪುಸ್ತಕದಿಂದ ಮನೆಯ ತೊಟ್ಟಿಲಿಗೆ ದಾರಿ ದೂರ. ಜ್ವರ ಬಂದ ಹಸುಗೂಸುಗಳಿಗೆ ಊದಿನಕಡ್ಡಿಯಿಂದ ಬರೆ ಹಾಕಿದ ಸುದ್ದಿ ಕೊಪ್ಪಳ ಜಿಲ್ಲೆಯಿಂದ ಬಂದದ್ದು 2025ರಲ್ಲಿ.

ವಿದ್ಯಾವಂತರ ‘ಬೇಡ’

ಇದು ಹಳ್ಳಿಗರ ಸಮಸ್ಯೆ ಮಾತ್ರವೆಂದು ನಗರದ ಭಕ್ತರು ತಿಳಿಯಬಾರದು. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನಕ್ಕೆ ಚಾಲನೆ ದೊರೆತದ್ದು ಬೆಂಗಳೂರಿನಲ್ಲಿಯೇ. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಲಸಿಕೆ ಹಾಕುವ ಕಾರ್ಯ ಅದು. ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿದ ವದಂತಿಗಳನ್ನು ನಂಬಿ ಹಿಂಜರಿದವರಲ್ಲಿ ನಗರದ ಓದಿದ ಪಾಲಕರೂ ಇದ್ದರು. ಮುಂದೆ ಇದೇ ಅಭಿಯಾನ ದೆಹಲಿಗೆ ಹೋದಾಗ, ಪಾಲಕರ ಒಪ್ಪಿಗೆಯಿಲ್ಲದೆ ಶಾಲೆಗಳಲ್ಲಿ ಮಕ್ಕಳಿಗೆ ಬಲವಂತವಾಗಿ ಲಸಿಕೆ ಹಾಕುವಂತಿಲ್ಲವೆಂದು ದೆಹಲಿ ಹೈಕೋರ್ಟು 2019ರ ಜನವರಿಯಲ್ಲಿ ಹೇಳಿತು.

ಈ ತೀರ್ಪಿನ ಮರ್ಮವನ್ನು ಸರಿಯಾಗಿ ಗ್ರಹಿಸಬೇಕು. ಕೇಳದೆ, ತಿಳಿಸದೆ ಮಗುವಿನ ಮೈಮುಟ್ಟಬಾರದೆಂಬುದು ಪಾಲಕರಿಗೆ ಸಿಕ್ಕ ಗೌರವ. ಆ ಗೌರವದೊಡನೆ ತಿಳಿದುಕೊಳ್ಳುವ ಕರ್ತವ್ಯವೂ ಬರುತ್ತದೆ. ಆರೋಗ್ಯವಂತ ಮಗುವಿಗೆ ನಾಳೆಗೆಂದು ಕೊಡುವ ಲಸಿಕೆಯ ಬಗ್ಗೆ ವಿವರ ಕೇಳಲು ಸಮಯವಿರುತ್ತದೆ. ಸಾವಿನ ಹೊಸ್ತಿಲಲ್ಲಿರುವ, ಆದರೆ ಚಿಕಿತ್ಸೆಯಿಂದ ಉಳಿಯಬಲ್ಲ ಮಗುವಿಗೆ ಅದೇ ಮಾತನ್ನು ಅನ್ವಯಿಸಲಾಗದು.

ಹೊರದೇಶಗಳೂ ಇದೇ ಗೆರೆಯನ್ನು ಎಳೆದಿವೆ. ಅಮೆರಿಕದ ಸುಪ್ರೀಂ ಕೋರ್ಟು 1944ರಷ್ಟು ಹಿಂದೆಯೇ, ತಂದೆತಾಯಂದಿರು ತಮ್ಮ ನಂಬಿಕೆಗಾಗಿ ತಾವು ಬಲಿಯಾಗಬಹುದಾದರೂ ಮಕ್ಕಳನ್ನು ಬಲಿಕೊಡುವ ಸ್ವಾತಂತ್ರ್ಯ ಅವರಿಗಿಲ್ಲವೆಂಬ ನಿಲುವನ್ನು ತಳೆಯಿತು. 2009ರಲ್ಲಿ ಅಲ್ಲಿನ ಮಿನ್ನೆಸೋಟಾದಲ್ಲಿ, ಗುಣವಾಗಬಲ್ಲ ಬಗೆಯ ಕ್ಯಾನ್ಸರ್ ತಗುಲಿದ್ದ 13 ವರ್ಷದ ಬಾಲಕನಿಗೆ ಮನೆಯವರು ಕಿಮೊಥೆರಪಿ ನಿರಾಕರಿಸಿದರು. ನ್ಯಾಯಾಲಯ ಚಿಕಿತ್ಸೆಗೆ ಆದೇಶಿಸಿತು. ತಾಯಿ ಮಗನೊಡನೆ ಊರು ಬಿಟ್ಟರು. ಕೆಲವು ದಿನಗಳಲ್ಲಿ ಮರಳಿ ಬಂದರು. ಚಿಕಿತ್ಸೆ ಪೂರ್ಣಗೊಂಡಿತು, ಬಾಲಕ ಚೇತರಿಸಿಕೊಂಡ.

ಶರಣರ ದೃಷ್ಟಿಯಲ್ಲಿ ಮಗು

ನಮ್ಮ ಧರ್ಮವು ಈ ಪ್ರಶ್ನೆಗೆ ಏನು ಉತ್ತರ ಕೊಡುತ್ತದೆ? ಲಿಂಗಾಯತ ಸಂಸ್ಕಾರದಲ್ಲಿ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಅದಕ್ಕೆ ಲಿಂಗಧಾರಣೆಯಾಗುತ್ತದೆ. ಅಂದಿನಿಂದಲೇ ಆ ಪುಟ್ಟ ದೇಹ ಲಿಂಗದ ನೆಲೆ, ಪ್ರಸಾದಕಾಯ. ತಂದೆತಾಯಿ ಅದನ್ನು ಹೆತ್ತವರು ಹೌದು, ಒಡೆಯರಲ್ಲ. ಶರಣರು ಸಂಪತ್ತಿಗೆ ಹೇಳಿದ ದಾಸೋಹತತ್ತ್ವ ಸಂತಾನಕ್ಕೂ ಸಲ್ಲುತ್ತದೆ. ‘ನನ್ನದು’ ಎಂದು ಹಿಡಿಯದೆ, ಒಪ್ಪಿಸಲ್ಪಟ್ಟದ್ದೆಂದು ಕಾಯುವುದೇ ದಾಸೋಹ. ‘ನಮ್ಮ ಮಗು, ನಮ್ಮಿಷ್ಟ’ ಎಂಬ ಮಾತು ದಾಸೋಹಿಯ ಬಾಯಲ್ಲಿ ಬರುವಂಥದ್ದಲ್ಲ.

ಶರಣರು ದೇಹವನ್ನು ತುಚ್ಛವೆಂದು ಕಡೆಗಣಿಸಿದವರಲ್ಲ, ಅದನ್ನೇ ದೇಗುಲವಾಗಿಸಿಕೊಂಡವರು. ಅನುಭಾವಿಗಳ ಆ ಬಳಗದಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದ. ರೋಗ ಗುರುತಿಸಿ ಮದ್ದು ಕೊಡುವುದೇ ಅವನ ಕಾಯಕ. ಆ ಕಾಯಕದ ನುಡಿಯಲ್ಲಿಯೇ ಅವನು ವಚನಗಳನ್ನು ರಚಿಸಿದ. ವೈದ್ಯವೃತ್ತಿಗೆ ಶರಣರ ನಡುವೆ ದೊರೆತ ಮನ್ನಣೆಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ರೋಗ ಬಂದಾಗ ಕ್ಷುದ್ರ ದೈವಗಳಿಗೆ ಹರಕೆ ಹೊತ್ತು ಪ್ರಾಣಿಬಲಿ ಕೊಡುವುದನ್ನು ಬಸವಾದಿ ಶರಣರು ಖಂಡಿಸಿದರು. ಅವರ ದಾರಿಯಲ್ಲಿ ನಡೆದ ನಮ್ಮ ಮಠಗಳು ಮತ್ತು ಸಮಾಜದ ಸಂಸ್ಥೆಗಳು ಆಸ್ಪತ್ರೆಗಳನ್ನೂ ವೈದ್ಯಕೀಯ ಕಾಲೇಜುಗಳನ್ನೂ ಕಟ್ಟಿದವು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ 1963ರಲ್ಲಿ, ದಾವಣಗೆರೆಯಲ್ಲಿ ಬಾಪೂಜಿ ವಿದ್ಯಾಸಂಸ್ಥೆ 1965ರಲ್ಲಿ, ಮೈಸೂರಿನಲ್ಲಿ ಸುತ್ತೂರು ಮಠದ ಜೆ.ಎಸ್.ಎಸ್. 1984ರಲ್ಲಿ ವೈದ್ಯಕೀಯ ಕಾಲೇಜು ತೆರೆದವು. ಹೀಗಿರುವಾಗ ಭಕ್ತನೊಬ್ಬ ‘ಭಸ್ಮ ಸಾಕು, ಆಸ್ಪತ್ರೆ ಬೇಡ’ ಎಂದರೆ ಅದು ಭಕ್ತಿಯಲ್ಲ. ಮಠದ ಭಸ್ಮ ಹಣೆಗೆ ಧೈರ್ಯ. ರಕ್ತಕ್ಕೆ ಬೇಕಾದ ಮದ್ದನ್ನು ವೈದ್ಯರೇ ಕೊಡಬೇಕು.

‘ಶರಣರು ಮರಣಕ್ಕೆ ಅಂಜಲಿಲ್ಲವಲ್ಲ’ ಎಂದು ಕೆಲವರು ಕೇಳಬಹುದು. ನಿಜ, ಅವರು ಸಾವನ್ನು ಹಬ್ಬದಂತೆ ಎದುರುಗೊಂಡರು. ಆದರೆ ಅದು ಬಾಳನ್ನು ಬಾಳಿ, ಅರಿವಿನಲ್ಲಿ ಮಾಗಿದವರು ತಮ್ಮ ಮಟ್ಟಿಗೆ ಗಳಿಸಿದ ನಿರ್ಭಯ. ಬಾಳನ್ನೇ ಕಾಣದ ಮಗುವಿನ ಮೇಲೆ ಅದನ್ನು ಹೇರಲು ಯಾರಿಗೂ ಅಧಿಕಾರವಿಲ್ಲ.

‘ಸಾಕು’ ಎನ್ನುವುದೂ ದಯೆಯಾಗುವಾಗ

ಹಾಗೆಂದು ವೈದ್ಯರು ಹೇಳಿದ್ದೆಲ್ಲವನ್ನೂ ಪಾಲಕರು ಕಣ್ಮುಚ್ಚಿ ಒಪ್ಪಬೇಕೆಂದು ನಾವು ಹೇಳುತ್ತಿಲ್ಲ. ರೋಗವೇನು, ಗುಣವಾಗುವ ಸಾಧ್ಯತೆಯೆಷ್ಟು, ಖರ್ಚೆಷ್ಟು, ಬೇರೆ ದಾರಿಯಿದೆಯೇ ಎಂದು ಕೇಳುವ, ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯುವ ಹಕ್ಕು ಅವರಿಗೆ ಪೂರ್ಣವಾಗಿದೆ. ಎಲ್ಲ ಪ್ರಯತ್ನಗಳೂ ಮುಗಿದು, ಇನ್ನು ಯಂತ್ರಗಳು ಬದುಕನ್ನಲ್ಲ, ನೋವನ್ನು ಮಾತ್ರ ಎಳೆಯುತ್ತಿವೆಯೆಂದು ವೈದ್ಯರೇ ಹೇಳಿದಾಗ ‘ಸಾಕು’ ಎನ್ನುವುದು ನಿರ್ಲಕ್ಷ್ಯವಲ್ಲ. ಗುಣವಾಗುವ ಆಸೆಯಿಲ್ಲದ ರೋಗಿಗಳ ಜೀವರಕ್ಷಕ ಸಾಧನಗಳನ್ನು ನಿಲ್ಲಿಸುವ ಕ್ರಮವನ್ನು ಸುಪ್ರೀಂ ಕೋರ್ಟು 2023ರಲ್ಲಿ ಸರಳಗೊಳಿಸಿತು. ಅದನ್ನು ಜಾರಿಗೆ ತರುವ ಸುತ್ತೋಲೆಯನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿತು. ಅದರಂತೆ ವೈದ್ಯರ ಎರಡು ಮಂಡಳಿಗಳು ಒಂದರ ಬಳಿಕ ಒಂದು ಪರಿಶೀಲಿಸಬೇಕು, ಹತ್ತಿರದ ಬಂಧುಗಳು ಒಪ್ಪಬೇಕು, ನಿರ್ಧಾರವನ್ನು ನ್ಯಾಯಿಕ ದಂಡಾಧಿಕಾರಿಗೆ ತಿಳಿಸಬೇಕು. ಒಬ್ಬರ ದಣಿವಿಗೋ ಒಂದು ದಿನದ ನಿರಾಸೆಗೋ ನಿರ್ಧಾರ ಬಿಟ್ಟುಕೊಡದ ಈ ಎಚ್ಚರ ಮೆಚ್ಚತಕ್ಕದ್ದು.

2024ರ ಜನವರಿಯಲ್ಲಿ ಹರಿದ್ವಾರದಿಂದ ಬಂದ ಸುದ್ದಿ ಅನೇಕರಿಗೆ ನೆನಪಿರಬಹುದು. ರಕ್ತ ಕ್ಯಾನ್ಸರ್ ಪೀಡಿತ ಪುಟ್ಟ ಬಾಲಕನೊಬ್ಬನನ್ನು ಪವಾಡದ ಆಸೆಯಿಂದ ಮನೆಯವರು ಚಳಿಗಾಲದ ಗಂಗೆಯಲ್ಲಿ ಮುಳುಗಿಸಿದರು, ಬಾಲಕ ಉಳಿಯಲಿಲ್ಲ. ದೇಶವೆಲ್ಲ ಆ ಕುಟುಂಬವನ್ನು ದೂಷಿಸಿತು. ಆದರೆ ವೈದ್ಯರು ಕೈಚೆಲ್ಲಿದ್ದರೆಂದು ಆ ಮನೆಯವರು ಹೇಳಿದ್ದನ್ನೂ ಕೇಳಿಸಿಕೊಳ್ಳಬೇಕು. ‘ಇನ್ನು ನಮ್ಮಿಂದಾಗದು’ ಎಂಬ ಮಾತಿನ ಬಳಿಕ ಅಂಥವರ ಪಕ್ಕದಲ್ಲಿ ಕುಳಿತು ‘ನೋವಿಲ್ಲದಂತೆ ನೋಡಿಕೊಳ್ಳೋಣ ಬನ್ನಿ’ ಎನ್ನುವವರು ಬೇಕು. ಅದನ್ನೇ ಉಪಶಮನ ಆರೈಕೆ ಎನ್ನುತ್ತಾರೆ. ಗುಣಪಡಿಸಲಾಗದಿದ್ದರೂ ನೋವನ್ನು ತಗ್ಗಿಸಬಹುದು, ಉಸಿರಾಟವನ್ನು ಸುಗಮಗೊಳಿಸಬಹುದು, ಮಗು ತಾಯಿಯ ಮಡಿಲಲ್ಲಿರುವಂತೆ ಮಾಡಬಹುದು. ಬೆಂಗಳೂರಿನ ಮಾರತಹಳ್ಳಿಯ ಕರುಣಾಶ್ರಯದಂಥ ಸಂಸ್ಥೆಗಳು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಈ ಸೇವೆಯನ್ನು ಉಚಿತವಾಗಿ ಸಲ್ಲಿಸುತ್ತಿವೆ.

ಈ ಎರಡೂ ನಡೆಗಳ ಆದರ್ಶವನ್ನು ನಾವು ನಮ್ಮ ಕಾಲದಲ್ಲೇ ಕಂಡಿದ್ದೇವೆ. ಸಿದ್ಧಗಂಗೆಯ ಪರಮಪೂಜ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು 111ರ ವಯಸ್ಸಿನಲ್ಲಿಯೂ ವೈದ್ಯರ ಮಾತನ್ನು ಮೀರಲಿಲ್ಲ. 2018ರ ಡಿಸೆಂಬರಿನಲ್ಲಿ ಚೆನ್ನೈಗೆ ತೆರಳಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಚಿಕಿತ್ಸೆಯ ದಾರಿ ಮುಗಿಯುತ್ತ ಬಂದಾಗ ತಮ್ಮ ಇಚ್ಛೆಯಂತೆ ಆಸ್ಪತ್ರೆಯಿಂದ ಮಠಕ್ಕೆ ಮರಳಿ, 2019ರ ಜನವರಿ 21ರಂದು ಅಲ್ಲಿಯೇ ಲಿಂಗೈಕ್ಯರಾದರು. ಮಠದ ಮಕ್ಕಳ ಊಟ ಮುಗಿದ ಬಳಿಕವೇ ಆ ಸುದ್ದಿ ಹೊರಬಂದಿತು. ಫಲವಿರುವಾಗ ಚಿಕಿತ್ಸೆಯನ್ನು ಸ್ವೀಕರಿಸುವುದು, ಕಾಲ ಬಂದಾಗ ಶಾಂತವಾಗಿ ಮನೆಗೆ ಮರಳುವುದು: ಎರಡೂ ಶರಣಮಾರ್ಗವೇ.

ನಮ್ಮ ಪಾಲಿನ ಹೊಣೆ

ಪಾಲಕರಿಗೆ ಕರ್ತವ್ಯವನ್ನು ನೆನಪಿಸಿ ಸುಮ್ಮನಾದರೆ ನಮ್ಮ ಮಾತು ಅರ್ಧವಾದೀತು. ಆ ಕಾಗದಕ್ಕೆ ಬೀಳುವ ಸಹಿಗಳಲ್ಲಿ ಅನೇಕವನ್ನು ಹಾಕಿಸುವುದು ಕೈಬರಿದಾದ ಬದುಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಆದರೆ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ತಂಗುವ ಕೋಣೆ, ಎರಡು ಹೊತ್ತಿನ ಅನ್ನ, ಊರಿಗೆ ಹೋಗಿಬರುವ ಬಸ್ಸಿನ ಖರ್ಚು, ನಿಂತುಹೋದ ಕೂಲಿ, ಇವನ್ನು ಯಾವ ಕಾರ್ಡೂ ಪೂರ್ತಿಯಾಗಿ ತುಂಬಿಕೊಡದು. ದಾಸೋಹ ಪ್ರವೇಶಿಸಬೇಕಾದ ಜಾಗ ಇದೇ.

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಭಕ್ತರಲ್ಲಿ ನಮ್ಮ ಅರಿಕೆ ಇಷ್ಟು. ಹುಟ್ಟುಹಬ್ಬಕ್ಕೋ ಹಿರಿಯರ ಸ್ಮರಣೆಗೋ ಪ್ರಸಾದ ಮಾಡಿಸುವಾಗ ಒಂದು ಪಾಲು ಆಸ್ಪತ್ರೆಯ ಅಂಗಳದಲ್ಲಿರುವ ಕುಟುಂಬಗಳಿಗೆ ಸಲ್ಲಲಿ. ಮನೆಯಲ್ಲಿ ತೆರವಾದ ಕೋಣೆಯಿದ್ದವರು ಚಿಕಿತ್ಸೆಗೆ ಬಂದ ಒಂದು ಕುಟುಂಬಕ್ಕೆ ಅದನ್ನು ಕೊಡಲಿ. ರಕ್ತದಾನ ಮಾಡಬಲ್ಲ ಯುವಕ ಯುವತಿಯರು ಅದನ್ನು ಶಿವಪೂಜೆಯಷ್ಟೇ ನಿಷ್ಠೆಯಿಂದ ಮಾಡಲಿ. ರಕ್ತ ಕ್ಯಾನ್ಸರಿನ ಮಕ್ಕಳಿಗೆ ಅದರ ಅಗತ್ಯ ಮತ್ತೆ ಮತ್ತೆ ಬೀಳುತ್ತದೆ. ಓದುಬರಹ ಬಲ್ಲವರು ಯೋಜನೆಯ ಅರ್ಜಿ ತುಂಬಲು, ವೈದ್ಯರ ಮಾತನ್ನು ತಿಳಿಯಾಗಿ ವಿವರಿಸಲು ನೆರವಾಗಲಿ. ಊರಿಗೆ ಹೋದ ಮಗು ಗೊತ್ತಾದ ದಿನಕ್ಕೆ ಮರಳಿ ಬಂದಿತೇ ಎಂದು ಒಂದು ಫೋನು ಮಾಡಿ ವಿಚಾರಿಸುವುದೂ ಸೇವೆಯೇ. ಮಗುವೊಂದು ಅಪಾಯದಲ್ಲಿದ್ದು ಮನೆಯವರು ಯಾರ ಮಾತನ್ನೂ ಕೇಳದಿದ್ದರೆ 1098 ಮಕ್ಕಳ ಸಹಾಯವಾಣಿಗೆ ತಿಳಿಸಲು ಹಿಂಜರಿಯಬಾರದು.

ಪಾಲಕರಿಗೂ ಒಂದು ಮಾತು. ಆ ಕಾಗದಕ್ಕೆ ಸಹಿ ಹಾಕುವ ಮುನ್ನ ಒಂದು ದಿನ ತಡೆಯಿರಿ. ‘ಈ ರೋಗ ಗುಣವಾಗುವಂಥದ್ದೇ?’ ಎಂದು ವೈದ್ಯರನ್ನು ನೇರವಾಗಿ ಕೇಳಿರಿ. ಹೌದೆಂದಾದರೆ, ನಿಮ್ಮ ಕಷ್ಟವೇನೆಂದು ಬಾಯಿಬಿಟ್ಟು ಹೇಳಿರಿ. ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಗೆ ಹೇಳಿರಿ, ಮಠಕ್ಕೆ ಬಂದು ಹೇಳಿರಿ. ಇಲ್ಲಿ ಯಾರೂ ನಿಮ್ಮನ್ನು ಜರೆಯುವುದಿಲ್ಲ. ಮಗುವಿಗೆ ತನ್ನ ಪರವಾಗಿ ಮಾತನಾಡುವ ದನಿಯಿನ್ನೂ ಬಂದಿಲ್ಲ. ಆ ದನಿ ಬರುವವರೆಗೆ ಅದನ್ನು ಉಳಿಸಿಕೊಡುವುದೇ ತಂದೆತಾಯಿಗಳ ಹಕ್ಕು, ಸಮಾಜದ ಧರ್ಮ, ಮಠದ ಕಾಯಕ.